ವುಮೆನ್ಸ್ ಟೀಮ್ ಗೆಲ್ಲಿಸಿದ ಕೋಚ್ ಮೆನ್ಸ್ ಟೀಮನ್ನ ನಡೆಸಬಹುದಾ?

2025ರ ಬೇಸಿಗೇಲಿ ಅಮೆರಿಕದ ಗಂಡಸರ ಪ್ರೊಫೆಷನಲ್ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಟೀಮ್ ನ್ಯೂಯಾರ್ಕ್ ನಿಕ್ಸ್ ಟಾಮ್ ತಿಬೊಡೋ ಅವರನ್ನ ತೆಗೆದು ಹೊಸ ಹೆಡ್ ಕೋಚ್ ಹುಡುಕ್ತಾ ಇತ್ತು, ಆಗ ಇಂಟರ್‌ವ್ಯೂಗೆ ಕರೆದವರಲ್ಲಿ ಡಾನ್ ಸ್ಟೇಲಿ ಕೂಡ ಒಬ್ರು. ಸೌತ್ ಕ್ಯಾರೊಲಿನಾ ಯೂನಿವರ್ಸಿಟಿಯ ವುಮೆನ್ಸ್ ಟೀಮ್‌ಗೆ 2008ರಿಂದ ಕೋಚ್ ಆಗಿರೋರು, 2017, 2022, 2024 ಹೀಗೆ ಮೂರು ಸಲ ನ್ಯಾಷನಲ್ ಚಾಂಪಿಯನ್ ಮಾಡಿದವರು. ಕೆಲಸ ಕೊನೆಗೆ ಮೈಕ್ ಬ್ರೌನ್‌ಗೆ ಹೋಯ್ತು. ಆದ್ರೆ ಹಳೇ ಪ್ರಶ್ನೆ ಮತ್ತೆ ಎದ್ದು ಕೂತ್ಕೊಳ್ತು: ಹುಡುಗಿಯರ ಕಾಲೇಜ್ ಟೀಮ್‌ನಲ್ಲಿ ಗೆದ್ದವರು ಹುಡುಗರಿಗೆ ಕೋಚಿಂಗ್ ಮಾಡೋಕಾಗುತ್ತಾ?

ಹಳೇದು ಅಂದ್ರೆ ನಿಜವಾಗ್ಲೂ ಹಳೇದು. ಟೆನ್ನೆಸಿ ಯೂನಿವರ್ಸಿಟಿಯ ವುಮೆನ್ಸ್ ಟೀಮ್ ಕೋಚ್ ಪ್ಯಾಟ್ ಸಮಿಟ್ ಅವರನ್ನ ಅದೇ ಯೂನಿವರ್ಸಿಟಿಯವರು ಮೆನ್ಸ್ ಟೀಮ್ ವಹಿಸ್ಕೊಳ್ತೀರಾ ಅಂತ 1994ರಲ್ಲಿ ಒಂದ್ಸಲ, 2001ರಲ್ಲಿ ಇನ್ನೊಂದ್ಸಲ ವಿಚಾರಿಸಿದ್ರು. ಎರಡು ಸಲಾನೂ ಅವ್ರು ಬೇಡ ಅಂದ್ರು. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ, ಅದು ಈ ಇಡೀ ವಿಷಯದಲ್ಲಿ ನನಗೆ ಬಹಳ ಮುಖ್ಯ ಅನ್ಸೋ ಭಾಗ.

"ಆಗುತ್ತಾ" ಅಂತ ಒಂದೇ ಮಾತಲ್ಲಿ ಕೇಳಿಬಿಡ್ತೀವಿ, ಆದ್ರೆ ಅದರೊಳಗೆ ಬೇರೆ ಬೇರೆ ಪ್ರಶ್ನೆಗಳು ಸೇರ್ಕೊಂಡಿವೆ. ಆಟ ಗೊತ್ತಿದೆಯಾ? ಹುಡುಗರು ಮಾತು ಕೇಳ್ತಾರಾ? ಒಳ್ಳೇ ಪ್ಲೇಯರ್‌ಗಳನ್ನ ಕರ್ಕೊಂಡು ಬರೋಕೆ ಆಗುತ್ತಾ? ಕೆಲಸ ಕೊಡೋರು ಯಾರು, ಕೊಟ್ಟ ಮೇಲೆ ಎಷ್ಟು ದಿನ ತಾಳ್ಮೆಯಿಂದ ಇರ್ತಾರೆ? ಇವನ್ನ ಬಿಡಿಸಿ ನೋಡಿದ್ರೆ ನನ್ನ ಅಭಿಪ್ರಾಯ ಏನಂದ್ರೆ, ಮೊದಲೆರಡು ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ, ಹೌದು ಆಗುತ್ತೆ. ಮೂರನೇದು ನಿಜವಾಗ್ಲೂ ಕಷ್ಟ ಆದ್ರೆ ಅದಕ್ಕೂ ಕೋಚ್ ಹೆಂಗಸು ಅನ್ನೋದಕ್ಕೂ ಸಂಬಂಧ ಕಮ್ಮಿ. ಬಾಗಿಲು ಮುಚ್ಚಿರೋದು ನಾಲ್ಕನೇದರಲ್ಲಿ.

ಅಮೆರಿಕದ ಕಾಲೇಜ್ ಸ್ಪೋರ್ಟ್ಸ್ ಗೊತ್ತಿಲ್ಲದವರಿಗೆ ಮೊದ್ಲು ಸ್ವಲ್ಪ ಹೇಳ್ಬೇಕು. ಕಾಲೇಜ್ ಕೋಚ್ ಅಂದ ತಕ್ಷಣ ನಮ್ಮ ಕಾಲೇಜಿನ ಪಿಟಿ ಮಾಸ್ಟರ್ ನೆನಪಿಗೆ ಬಂದ್ರೆ ಅಂದಾಜು ಪೂರ್ತಿ ತಪ್ಪುತ್ತೆ. ಕಾಲೇಜ್ ಸ್ಪೋರ್ಟ್ಸ್ ನಡೆಸೋ ಎನ್‌ಸಿಎಎ ಸಂಸ್ಥೆಯ ಮೇಲ್ಮಟ್ಟ, ಅಂದ್ರೆ ಡಿವಿಷನ್ ಒಂದರಲ್ಲೇ 350ಕ್ಕಿಂತ ಜಾಸ್ತಿ ಕಾಲೇಜುಗಳಿವೆ, ಮ್ಯಾಚ್‌ಗಳು ನ್ಯಾಷನಲ್ ಟಿವಿಯಲ್ಲಿ ಬರ್ತವೆ, ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ತಗೊಳ್ಳೋರ ಪೈಕಿ ಎಲ್ಲರಿಗಿಂತ ಜಾಸ್ತಿ ತಗೊಳ್ಳೋದು ಗವರ್ನರ್ ಅಲ್ಲ, ಯೂನಿವರ್ಸಿಟಿಯ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಆ ಕೋಚ್ ಊರೂರು ತಿರುಗಿ ಹೈಸ್ಕೂಲ್ ಹುಡುಗರನ್ನ ಆರಿಸ್ಬೇಕು, ಅವರ ಅಪ್ಪ ಅಮ್ಮನ ಹತ್ರ ಮಾತಾಡಿ ಒಪ್ಪಿಸ್ಬೇಕು, ಓದು ನೋಡ್ಕೋಬೇಕು, ದುಡ್ಡು ಕೊಡೋ ಹಳೇ ವಿದ್ಯಾರ್ಥಿಗಳನ್ನ ಖುಷಿಯಾಗಿ ಇಡ್ಬೇಕು, ಇದೆಲ್ಲ ಮಾಡ್ಕೊಂಡು ಮ್ಯಾಚೂ ಗೆಲ್ಲಬೇಕು. ಸ್ಟೇಲಿ ಅವರಿಗೆ 2025ರ ಜನವರಿಯಲ್ಲಿ ಸಿಕ್ಕ ಕಾಂಟ್ರಾಕ್ಟ್ ವರ್ಷಕ್ಕೆ 40 ಲಕ್ಷ ಡಾಲರ್‌ದು. ಇದು ಎಷ್ಟು ದೊಡ್ಡ ಕೆಲಸ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಈಗ ಆಟದ ವಿಷಯಕ್ಕೆ ಬರೋಣ. ರಿಂಗ್ ಇಬ್ಬರಿಗೂ 10 ಅಡಿ ಎತ್ತರದಲ್ಲೇ ಇರೋದು. ಕೋರ್ಟ್ ಇಬ್ಬರಿಗೂ 94 ಅಡಿ ಉದ್ದ, 50 ಅಡಿ ಅಗಲ. ಎಷ್ಟು ಹೊತ್ತಲ್ಲಿ ಶಾಟ್ ಹೊಡೀಬೇಕು ಅನ್ನೋ ಶಾಟ್ ಕ್ಲಾಕ್ 30 ಸೆಕೆಂಡ್, ತ್ರೀ ಪಾಯಿಂಟ್ ಲೈನ್ ಕೂಡ 2021–22ರಿಂದ ಇಬ್ಬರಿಗೂ ಒಂದೇ ದೂರ, 22 ಅಡಿ ಚಿಲ್ರೆ. ವ್ಯತ್ಯಾಸ ಎಲ್ಲಿದೆ ಅಂದ್ರೆ ಹುಡುಗಿಯರ ಬಾಲ್ ಸ್ವಲ್ಪ ಚಿಕ್ಕದು, ಸುತ್ತಳತೆ 28.5 ಇಂಚು, ಹುಡುಗರದ್ದು 29.5. ಹುಡುಗಿಯರು 10 ನಿಮಿಷದ ನಾಲ್ಕು ಕ್ವಾರ್ಟರ್ ಆಡ್ತಾರೆ, ಹುಡುಗರು ಇನ್ನೂ 20 ನಿಮಿಷದ ಎರಡು ಹಾಫ್. ಫೌಲ್ ಲೆಕ್ಕ ಬೇರೆ. ಹುಡುಗಿಯರ ಆಟದಲ್ಲಿ ಕೊನೇ ನಿಮಿಷದಲ್ಲಿ ಟೈಮ್‌ಔಟ್ ತಗೊಂಡ್ರೆ ಬಾಲನ್ನ ಎದುರಾಳಿಯ ಅರ್ಧಕ್ಕೆ ತಂದು ಅಲ್ಲಿಂದ ಶುರು ಮಾಡಬಹುದು, ಹುಡುಗರ ಕಾಲೇಜ್ ಆಟದಲ್ಲಿ ಅದಿಲ್ಲ, ಪೂರ್ತಿ ಕೋರ್ಟ್ ದಾಟಿಕೊಂಡೇ ಬರ್ಬೇಕು. ಇವೆಲ್ಲ ಒಬ್ಬ ಅನುಭವಿ ಕೋಚ್‌ಗೆ ಕೆಲವೇ ವಾರಗಳಲ್ಲಿ ಕೈಗೆ ಹತ್ತೋ ವಿಷಯಗಳು.

ಕೋಚ್ ದಿನಾ ಹೇಳಿಕೊಡೋದು ಏನು ಅಂತ ಸ್ವಲ್ಪ ಹತ್ತಿರದಿಂದ ನೋಡಿದ್ರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಪಿಕ್ ಅಂಡ್ ರೋಲ್ ತಗೊಳ್ಳಿ. ಬಾಲ್ ಹಿಡ್ಕೊಂಡಿರೋ ಗಾರ್ಡ್ ಬರ್ತಾಳೆ, ಅವಳ ಟೀಮ್‌ನ ಎತ್ತರದ ಪ್ಲೇಯರ್ ಬಂದು ಅವಳನ್ನ ಕಾಯ್ತಿರೋ ಡಿಫೆಂಡರ್‌ಗೆ ಅಡ್ಡ ನಿಂತು ಗೋಡೆ ಥರ ಸ್ಕ್ರೀನ್ ಕೊಡ್ತಾಳೆ. ಆಗ ಡಿಫೆನ್ಸ್ ಒಂದು ಸೆಕೆಂಡ್‌ಗಿಂತ ಕಮ್ಮಿ ಟೈಮಲ್ಲಿ ತೀರ್ಮಾನ ಮಾಡ್ಬೇಕು: ಇಬ್ಬರೂ ಪ್ಲೇಯರ್‌ಗಳನ್ನ ಅದಲು ಬದಲು ಮಾಡ್ಕೊಳ್ಳೋದಾ, ದೊಡ್ಡ ಡಿಫೆಂಡರ್ ಹಿಂದೆ ಸರಿದು ರಿಂಗ್ ಕಾಯೋದಾ, ಅಥವಾ ಮುಂದೆ ನುಗ್ಗಿ ಗಾರ್ಡನ್ನ ಸೈಡ್‌ಲೈನ್ ಕಡೆ ತಳ್ಳೋದಾ. ಮುಂದೆ ನುಗ್ಗಿದ್ರೆ ಹಿಂದೆ ಎದುರಾಳಿ ಒಬ್ಬಳು ಖಾಲಿ ಉಳೀತಾಳೆ, ಅವಳನ್ನ ಯಾರು ಕವರ್ ಮಾಡ್ಬೇಕು, ಕವರ್ ಮಾಡೋಕೆ ಹೋದವಳ ಜಾಗಕ್ಕೆ ಮೂಲೆಯಿಂದ ಯಾರು ಬರ್ಬೇಕು, ಇದನ್ನ ಐದೂ ಜನ ಬಾಯಿಬಿಟ್ಟು ಕೂಗಿ ಹೇಳ್ಕೊಂಡು ಒಟ್ಟಿಗೆ ಮಾಡ್ಬೇಕು, ಒಬ್ಬಳು ಅರ್ಧ ಹೆಜ್ಜೆ ತಡ ಮಾಡಿದ್ರೂ ಮೂಲೆಯಿಂದ ತ್ರೀ ಪಾಯಿಂಟರ್ ಬೀಳುತ್ತೆ. ಈ ಪಾಠದಲ್ಲಿ ಅವಳು ಅನ್ನೋ ಕಡೆಯೆಲ್ಲ ಅವನು ಅಂತ ಹಾಕಿ ಓದಿ ನೋಡಿ, ಒಂದು ಹೆಜ್ಜೆಯೂ ಬದಲಾಗಲ್ಲ.

ಬದಲಾಗೋದು ವೇಗ ಮತ್ತೆ ಎತ್ತರ, ಇದನ್ನ ಮುಚ್ಚಿಡೋ ಅಗತ್ಯ ಇಲ್ಲ. ಹುಡುಗರ ಆಟ ರಿಂಗ್‌ಗಿಂತ ಮೇಲೆ ನಡೆಯುತ್ತೆ. ರಿಂಗ್ ಹತ್ರ ಬಾಲ್ ಎಸೆದ್ರೆ ಗಾಳಿಯಲ್ಲೇ ಹಿಡಿದು ಡಂಕ್ ಮಾಡೋರಿದ್ದಾರೆ, ಹಾಗಾಗಿ ಲಾಬ್ ಪಾಸ್ ಅನ್ನೋದು ಪ್ರತೀ ಪೊಸೆಷನ್‌ನಲ್ಲೂ ಇರೋ ಬೆದರಿಕೆ. ಹುಡುಗಿಯರ ಆಟದಲ್ಲಿ ರಿಂಗ್ ಕಡೆ ಡ್ರೈವ್ ಮಾಡಿ ಹೋದವಳಿಗೆ ಹತ್ತಿರದ ಸುಲಭ ಶಾಟ್, ಲೇಅಪ್, ಸಿಗೋ ಜಾಗದಲ್ಲಿ ಇಲ್ಲಿ ಏಳಡಿ ಹುಡುಗ ಎಲ್ಲಿಂದಲೋ ಹಾರಿ ಬಂದು ಬ್ಲಾಕ್ ಮಾಡ್ತಾನೆ. ಶೂಟರ್ ಕಡೆಗೆ ಎಷ್ಟು ದೂರದಿಂದ ಓಡಿ ಹೋಗಿ ಕೈ ಅಡ್ಡ ಹಿಡೀಬಹುದು ಅನ್ನೋ ಅಳತೆ ಬೇರೆ, ಅಂದ್ರೆ ಹೆಲ್ಪ್ ಡಿಫೆನ್ಸ್‌ನವರು ಎಲ್ಲಿ ನಿಲ್ಲಬೇಕು ಅನ್ನೋ ಲೆಕ್ಕಾನೂ ಬೇರೆ. ಹೊಸದಾಗಿ ಬಂದ ಕೋಚ್‌ಗೆ ಕಣ್ಣು ಇದಕ್ಕೆ ಹೊಂದಿಕೊಳ್ಳೋಕೆ ಒಂದು ಸೀಸನ್ ಹಿಡೀಬಹುದು. ಆದ್ರೆ ಇದೇ ಕಷ್ಟ ಹೈಸ್ಕೂಲಿಂದ ಕಾಲೇಜಿಗೆ, ಕಾಲೇಜಿಂದ ಎನ್‌ಬಿಎಗೆ ಹೋಗೋ ಗಂಡಸು ಕೋಚ್‌ಗಳಿಗೂ ಇದೆ, ಅವರಲ್ಲಿ ಎಷ್ಟೋ ಜನ ಸೋತಿದ್ದಾರೆ, ಅದನ್ನ ನೋಡಿ ಯಾರೂ ಗಂಡಸರಿಗೆ ಕೋಚಿಂಗ್ ಆಗಲ್ಲ ಅಂತ ತೀರ್ಮಾನ ಮಾಡಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಅಮೆರಿಕದ ದೊಡ್ಡ ವುಮೆನ್ಸ್ ಟೀಮ್‌ಗಳು ದಿನಾ ಪ್ರಾಕ್ಟೀಸ್ ಮಾಡೋದು ಹುಡುಗರ ವಿರುದ್ಧ. ಅದೇ ಕಾಲೇಜಲ್ಲಿ ಓದ್ತಿರೋ ಮಾಮೂಲಿ ಸ್ಟೂಡೆಂಟ್‌ಗಳು, ಹೈಸ್ಕೂಲಲ್ಲಿ ಚೆನ್ನಾಗಿ ಆಡಿದ್ದು ಕಾಲೇಜ್ ಟೀಮ್‌ಗೆ ಸೆಲೆಕ್ಟ್ ಆಗದೇ ಇರೋರು, ಪ್ರಾಕ್ಟೀಸ್ ಪ್ಲೇಯರ್ ಅಂತ ಬರ್ತಾರೆ. ಪ್ಯಾಟ್ ಸಮಿಟ್ ಇದನ್ನ ಬಹಳ ಬಳಸಿದ್ರು. ಮುಂದಿನ ಮ್ಯಾಚ್‌ನ ಎದುರಾಳಿ ಆಡೋ ಪ್ಲೇಗಳನ್ನ ಆ ಹುಡುಗರಿಗೆ ಕಲಿಸಿ ತಮ್ಮ ಹುಡುಗಿಯರ ಮೇಲೆ ಬಿಡ್ತಾರೆ, ಹುಡುಗ ಸ್ಕ್ರೀನ್ ತಪ್ಪಾಗಿ ಹಾಕಿದ್ರೆ ಅವನಿಗೂ ಬೈಗುಳ ಬೀಳುತ್ತೆ, ಮತ್ತೆ ಮಾಡಿಸ್ತಾರೆ. ಹಾಗಾಗಿ ಇಪ್ಪತ್ತು ವರ್ಷದ ಹುಡುಗರಿಗೆ ಹೇಳಿಕೊಡೋದು, ಅವರ ವೇಗ, ಅವರ ಹಾರಾಟ ನೋಡೋದು ಈ ಕೋಚ್‌ಗಳಿಗೆ ಹೊಸದೇನಲ್ಲ.

ಸರಿ, ಪ್ರಾಕ್ಟೀಸ್ ಹುಡುಗರು ಕೇಳ್ತಾರೆ, ನಾಳೆ ಎನ್‌ಬಿಎಗೆ ಹೋಗೋ ಕನಸು ಕಾಣ್ತಿರೋ ಸ್ಟಾರ್ ಕೇಳ್ತಾನಾ? ಇದಕ್ಕೆ ಊಹೆ ಬೇಕಿಲ್ಲ, ನಡೆದಿರೋದನ್ನೇ ನೋಡಬಹುದು. 1990ರಲ್ಲಿ ಕೆಂಟಕಿ ಯೂನಿವರ್ಸಿಟಿಯ ಮೆನ್ಸ್ ಟೀಮ್‌ನ ಹೆಡ್ ಕೋಚ್ ರಿಕ್ ಪಿಟಿನೋ ಬರ್ನಡೆಟ್ ಲಾಕ್ ಅವರನ್ನ ಅಸಿಸ್ಟೆಂಟ್ ಕೋಚ್ ಮಾಡ್ಕೊಂಡ್ರು, ಡಿವಿಷನ್ ಒಂದರ ಮೆನ್ಸ್ ಟೀಮ್‌ನಲ್ಲಿ ಮೊದಲ ಹೆಂಗಸು ಅವರೇ, ಮದುವೆ ಆದ ಮೇಲೆ ಮ್ಯಾಟಾಕ್ಸ್ ಅನ್ನೋ ಹೆಸರು ಬಂತು. ಅವ್ರು ಇದ್ದಾಗಲೇ 1993ರಲ್ಲಿ ಆ ಟೀಮ್ ನ್ಯಾಷನಲ್ ಟೂರ್ನಮೆಂಟ್‌ನ ಕೊನೇ ನಾಲ್ಕು ಟೀಮ್‌ಗಳ ಹಂತ, ಫೈನಲ್ ಫೋರ್, ಮುಟ್ತು. ನ್ಯಾನ್ಸಿ ಲೀಬರ್‌ಮನ್ 2010–11ರಲ್ಲಿ ಎನ್‌ಬಿಎಯ ಕೆಳಗಿನ ಹಂತದ ಡಿ ಲೀಗ್‌ನ (ಈಗಿನ ಜಿ ಲೀಗ್) ಟೆಕ್ಸಸ್ ಲೆಜೆಂಡ್ಸ್‌ಗೆ ಹೆಡ್ ಕೋಚ್ ಆಗಿ ಮೊದಲ ಸೀಸನ್‌ನಲ್ಲೇ ಪ್ಲೇಆಫ್‌ಗೆ ಕರ್ಕೊಂಡು ಹೋದ್ರು. ಲಿಂಡ್ಸಿ ಹಾರ್ಡಿಂಗ್ ಜಿ ಲೀಗ್‌ನ ಸ್ಟಾಕ್ಟನ್ ಕಿಂಗ್ಸ್ ಹೆಡ್ ಕೋಚ್ ಆಗಿ 2024ರಲ್ಲಿ ಆ ಲೀಗ್‌ನ ಕೋಚ್ ಆಫ್ ದಿ ಇಯರ್ ಆದ್ರು. ಜಿ ಲೀಗ್‌ನಲ್ಲಿ ಆಡೋರು ಯಾರು ಅಂದ್ರೆ ಎನ್‌ಬಿಎ ಕಾಂಟ್ರಾಕ್ಟ್‌ಗೆ ಹಸಿದು ಕೂತಿರೋ ಗಂಡಸರು, ತಮ್ಮ ಜೀವನ ಈ ಕೋಚ್ ಕೊಡೋ ನಿಮಿಷಗಳ ಮೇಲೆ ನಿಂತಿದೆ ಅಂತ ಗೊತ್ತಿರೋರು. ಅವರಿಗೆ ಬೇಕಿರೋದು ತಮ್ಮ ಆಟ ಸುಧಾರಿಸೋ ಮನುಷ್ಯ. ಅದು ಸಿಕ್ಕರೆ ಮಾತು ಕೇಳ್ತಾರೆ.

ಬೆಕಿ ಹ್ಯಾಮನ್ ಕಥೆ ಸ್ವಲ್ಪ ಜಾಸ್ತಿ ಹೇಳ್ಬೇಕು. 2014ರಲ್ಲಿ ಎನ್‌ಬಿಎ ಟೀಮ್ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಹೆಡ್ ಕೋಚ್ ಗ್ರೆಗ್ ಪೊಪೊವಿಚ್ ಹ್ಯಾಮನ್ ಅವರನ್ನ ಪೂರ್ಣಾವಧಿ ಅಸಿಸ್ಟೆಂಟ್ ಆಗಿ ತಗೊಂಡ್ರು. 2015ರಲ್ಲಿ ಲಾಸ್ ವೇಗಸ್ ಸಮ್ಮರ್ ಲೀಗ್‌ಗೆ ಹೆಡ್ ಕೋಚ್ ಆಗಿ ಹೋಗಿ ಗೆದ್ದು ಬಂದ್ರು. 2020ರ ಡಿಸೆಂಬರ್ 30ರಂದು ಲೇಕರ್ಸ್ ವಿರುದ್ಧದ ಮ್ಯಾಚ್‌ನಲ್ಲಿ ಎರಡನೇ ಕ್ವಾರ್ಟರ್‌ನಲ್ಲಿ ಪೊಪೊವಿಚ್ ರೆಫರಿ ಜೊತೆ ಜಗಳ ಮಾಡಿ ಹೊರಗೆ ಹಾಕಿಸ್ಕೊಂಡ್ರು, ಹೋಗ್ತಾ ಹ್ಯಾಮನ್ ಕಡೆ ಬೆರಳು ತೋರಿಸಿ ಇನ್ಮೇಲೆ ನೀನೇ ನೋಡ್ಕೋ ಅನ್ನೋ ಥರ ಹೇಳಿ ಹೋದ್ರು ಅಷ್ಟೇ. ಎನ್‌ಬಿಎ ರೆಗ್ಯುಲರ್ ಸೀಸನ್ ಮ್ಯಾಚ್ ಒಂದನ್ನ ಹೆಂಗಸೊಬ್ಬರು ಹೆಡ್ ಕೋಚ್ ಜಾಗದಲ್ಲಿ ನಿಂತು ನಡೆಸಿದ್ದು ಅದೇ ಮೊದಲು. ಎದುರುಗಡೆ ಲೆಬ್ರಾನ್ ಜೇಮ್ಸ್, ಅವತ್ತು ಅವನ 36ನೇ ಹುಟ್ಟುಹಬ್ಬ. ಸ್ಪರ್ಸ್ 121–107ರಲ್ಲಿ ಸೋತಿತು. ಟೈಮ್‌ಔಟ್‌ನಲ್ಲಿ ಆಟಗಾರರು ಎಂದಿನಂತೆ ಸುತ್ತ ನಿಂತು ಕೇಳಿಸ್ಕೊಂಡ್ರು, ಯಾಕಂದ್ರೆ ಆರು ವರ್ಷದಿಂದ ಅವರ ಹತ್ರ ಕಲೀತಾ ಇದ್ದ ಟೀಮ್ ಅದು. ಇಷ್ಟೆಲ್ಲ ಆದ ಮೇಲೂ ಎನ್‌ಬಿಎ ಹೆಡ್ ಕೋಚ್ ಕೆಲಸ ಸಿಗಲಿಲ್ಲ. 2022ರಲ್ಲಿ ಹೆಂಗಸರ ಪ್ರೊಫೆಷನಲ್ ಲೀಗ್ ಡಬ್ಲ್ಯುಎನ್‌ಬಿಎಯ ಲಾಸ್ ವೇಗಸ್ ಏಸಸ್‌ಗೆ ಹೋದ್ರು, ಹೋದ ವರ್ಷವೇ ಚಾಂಪಿಯನ್, 2023ರಲ್ಲಿ ಮತ್ತೆ, 2025ರಲ್ಲಿ ಇನ್ನೊಮ್ಮೆ.

ಈ ವಾದಕ್ಕೆ ವಿರುದ್ಧವಾಗಿ ಒಂದು ಗಟ್ಟಿಯಾದ ಮಾತಿದೆ, ಅದನ್ನ ಬಿಟ್ಟು ಮುಂದೆ ಹೋದ್ರೆ ಮೋಸ ಆಗುತ್ತೆ. ವುಮೆನ್ಸ್ ಕಾಲೇಜ್ ಬಾಸ್ಕೆಟ್‌ಬಾಲ್‌ನಲ್ಲಿ ಪ್ರತಿಭೆ ಕೆಲವೇ ಕಾಲೇಜುಗಳಲ್ಲಿ ಗುಂಪು ಕಟ್ಟುತ್ತೆ, ಹಾಗಾಗಿ ಅಲ್ಲಿ ಗೆಲ್ಲೋದು ಸುಲಭ ಅಂತಾರೆ. ಅಂಕಿ ಅಂಶ ನೋಡಿದ್ರೆ ಸುಳ್ಳಲ್ಲ. ಹುಡುಗರಲ್ಲಿ ಒಂದೂ ಮ್ಯಾಚ್ ಸೋಲದೇ ಚಾಂಪಿಯನ್ ಆದ ಕೊನೇ ಟೀಮ್ 1976ರ ಇಂಡಿಯಾನ. ಹುಡುಗಿಯರಲ್ಲಿ 1986ರ ಟೆಕ್ಸಸ್‌ನಿಂದ 2024ರ ಸೌತ್ ಕ್ಯಾರೊಲಿನಾವರೆಗೆ ಹತ್ತು ಸಲ ಅದು ಆಗಿದೆ, ಅದರಲ್ಲಿ ಆರು ಒಂದೇ ಕಾಲೇಜ್, ಜೀನೋ ಆರಿಯೆಮ್ಮಾ ಅವರ ಕನೆಕ್ಟಿಕಟ್. ಅದೇ ಕನೆಕ್ಟಿಕಟ್ 2014ರಿಂದ 2017ರ ತನಕ ಸತತ 111 ಮ್ಯಾಚ್ ಗೆದ್ದಿತ್ತು. ಇಂಥ ಕಡೆ ಇದ್ದವರು ಹುಡುಗರ ಕಡೆ ಬಂದ್ರೆ ವರ್ಷಕ್ಕೆ ಎಂಟು ಹತ್ತು ಸೋಲು ಮಾಮೂಲು ಅನ್ನೋದನ್ನ ಒಪ್ಪಿಕೊಂಡು ಬದುಕಬೇಕು, ಸಣ್ಣ ಕಾಲೇಜ್ ಒಂದು ಮಾರ್ಚ್ ತಿಂಗಳ ನ್ಯಾಷನಲ್ ಟೂರ್ನಮೆಂಟ್‌ನಲ್ಲಿ ಸೋಲಿಸಿ ಮನೆಗೆ ಕಳಿಸಿಬಿಡಬಹುದು. ಇದು ನಿಜವಾದ ಹೊಂದಾಣಿಕೆ.

ಆದ್ರೆ ಪ್ರತಿಭೆ ಇತ್ತು ಅದಕ್ಕೇ ಗೆದ್ರು ಅನ್ನೋದು ಪೂರ್ತಿ ಕಥೆ ಅಲ್ಲ. 1997ರಲ್ಲಿ ಸಮಿಟ್ ಅವರ ಟೀಮ್ ಆ ಸೀಸನ್‌ನಲ್ಲಿ ಹತ್ತು ಮ್ಯಾಚ್ ಸೋತಿತ್ತು, ಆದ್ರೂ ಮಾರ್ಚ್ ಬರೋ ಹೊತ್ತಿಗೆ ಅದೇ ಹುಡುಗಿಯರನ್ನ ಬೇರೆ ಟೀಮ್ ಮಾಡಿ ಚಾಂಪಿಯನ್ ಆದ್ರು. ಸ್ಟೇಲಿ ಅವರದ್ದು ಇನ್ನೂ ಬಲವಾದ ಉದಾಹರಣೆ. 2023ರಲ್ಲಿ ಸೋಲೇ ಇಲ್ಲದೆ ಬಂದು ಸೆಮಿಫೈನಲ್‌ನಲ್ಲಿ ಕೇಟ್ಲಿನ್ ಕ್ಲಾರ್ಕ್ ಇದ್ದ ಅಯೋವಾ ಕೈಲಿ ಸೋತ್ರು, ಆಮೇಲೆ ಮೊದಲ ಐದೂ ಆಟಗಾರ್ತಿಯರು ಕಾಲೇಜ್ ಬಿಟ್ಟು ಹೋದ್ರು, ಮುಂದಿನ ವರ್ಷ ಹೊಸಬರನ್ನ ಇಟ್ಕೊಂಡು 38–0, ಫೈನಲ್‌ನಲ್ಲಿ ಅದೇ ಅಯೋವಾ ವಿರುದ್ಧ 87–75. ವರ್ಷ ವರ್ಷ ಟೀಮ್ ಖಾಲಿ ಆಗಿ ಹೊಸದಾಗಿ ಕಟ್ಟೋದು ಮೆನ್ಸ್ ಕೋಚ್‌ಗಳ ದೊಡ್ಡ ತಲೆನೋವು ಅಂತಾರೆ, ಅದನ್ನೇ ಇವರು ಮಾಡಿ ತೋರಿಸಿದ್ದು.

ಈಗ ಕಷ್ಟದ ಭಾಗ, ಮಾರ್ಕೆಟ್. 2005ರಲ್ಲಿ ಎನ್‌ಬಿಎ ಲೀಗ್ ಸೇರೋಕೆ 19 ವರ್ಷ ಆಗಿರ್ಬೇಕು ಅನ್ನೋ ನಿಯಮ ತಂದ ಮೇಲೆ ಬಹಳ ಒಳ್ಳೇ ಹುಡುಗರು ಕಾಲೇಜಲ್ಲಿ ಒಂದೇ ವರ್ಷ ಆಡಿ ಹೊರಟು ಹೋಗ್ತಾರೆ. ಡಬ್ಲ್ಯುಎನ್‌ಬಿಎ ನಿಯಮ ಬೇರೆ, ಅಮೆರಿಕದ ಹುಡುಗಿ ಹೊಸ ಆಟಗಾರ್ತಿಯರನ್ನ ಆರಿಸೋ ಡ್ರಾಫ್ಟ್‌ಗೆ ಹೋಗ್ಬೇಕು ಅಂದ್ರೆ ಸುಮಾರಾಗಿ 22 ವರ್ಷ ಆಗಿರ್ಬೇಕು ಅಥವಾ ಕಾಲೇಜಿನ ನಾಲ್ಕು ವರ್ಷ ಮುಗಿದಿರ್ಬೇಕು. ಅಂದ್ರೆ ವುಮೆನ್ಸ್ ಕೋಚ್‌ಗೆ ಒಬ್ಬ ಹುಡುಗಿಯನ್ನ ಹದಿನೆಂಟರಿಂದ ಇಪ್ಪತ್ತೆರಡರವರೆಗೆ ಬೆಳೆಸೋ ಅವಕಾಶ ಇದೆ. ಸಮಿಟ್ ಹತ್ರ ನಾಲ್ಕು ವರ್ಷ ಪೂರ್ತಿ ಆಡಿದ ಪ್ರತಿಯೊಬ್ಬಳೂ ಡಿಗ್ರಿ ಮುಗಿಸಿದ್ಲು, ಅದು ಅವರಿಗೆ ಗೆಲುವಿಗಿಂತ ಕಮ್ಮಿ ಹೆಮ್ಮೆ ಆಗಿರಲಿಲ್ಲ. ಒಂದು ವರ್ಷಕ್ಕೆ ಬಂದು ಹೋಗೋ ಹುಡುಗನ ಜೊತೆ ಆ ಥರ ಸಂಬಂಧ ಕಟ್ಟೋದು ಎಲ್ಲಿ ಬಂತು?

ಅದರ ಮೇಲೆ 2021ರಿಂದ ಕಾಲೇಜ್ ಪ್ಲೇಯರ್‌ಗಳು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡ್ಕೋಬಹುದು, ಒಂದು ಕಾಲೇಜ್ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಒಂದು ವರ್ಷ ಸುಮ್ನೆ ಕೂರೋ ನಿಯಮಾನೂ ಸಡಿಲ ಆಯ್ತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಸೆಟ್ಲ್‌ಮೆಂಟ್ ಪ್ರಕಾರ ಕಾಲೇಜೇ ನೇರವಾಗಿ ಆಟಗಾರರಿಗೆ ಹಣ ಹಂಚಬಹುದು, 2025–26ರಲ್ಲಿ ಅದರ ಮಿತಿ ಸುಮಾರು 2.05 ಕೋಟಿ ಡಾಲರ್, ದೊಡ್ಡ ಕಾಲೇಜುಗಳಲ್ಲಿ ಅದರ ದೊಡ್ಡ ಪಾಲು ಫುಟ್‌ಬಾಲ್‌ಗೆ, ಆಮೇಲೆ ಮೆನ್ಸ್ ಬಾಸ್ಕೆಟ್‌ಬಾಲ್‌ಗೆ. ಏಜೆಂಟ್‌ಗಳು, ಶೂ ಕಂಪನಿ ನಡೆಸೋ ಬೇಸಿಗೆ ಟೂರ್ನಮೆಂಟ್‌ಗಳು, ಹುಡುಗನ ಸುತ್ತ ಇರೋ ಮಾಮ ಚಿಕ್ಕಪ್ಪ ಟ್ರೈನರ್‌ಗಳು, ಎಲ್ಲರ ಜೊತೆ ಮಾತುಕತೆ ಆಗ್ಬೇಕು. ಇದು ಎಷ್ಟು ಸುಸ್ತಿನ ಕೆಲಸ ಅಂದ್ರೆ 2019ರಲ್ಲಿ ವರ್ಜೀನಿಯಾವನ್ನ ಚಾಂಪಿಯನ್ ಮಾಡಿದ ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ, ಸೀಸನ್ ಶುರು ಆಗೋಕೆ ಕೆಲವೇ ವಾರ ಇದ್ದಾಗ, ಈಗಿನ ವ್ಯವಸ್ಥೆಗೆ ನಾನು ಸರಿಯಾದ ಮನುಷ್ಯ ಅಲ್ಲ ಅಂತ ಹೇಳಿ ಬಿಟ್ಟುಬಿಟ್ರು. ಹುಟ್ಟಿನಿಂದ ಮೆನ್ಸ್ ಆಟದಲ್ಲೇ ಬೆಳೆದವರಿಗೇ ಈ ಪಾಡು. ಅಂದ್ರೆ ಮಾರ್ಕೆಟ್ ಎಲ್ಲರಿಗೂ ಕಷ್ಟ, ಹೊಸಬರಿಗೆ ಪರಿಚಯಗಳೂ ಇರಲ್ಲ ಅನ್ನೋದೊಂದು ಹೆಚ್ಚಿನ ಕಷ್ಟ. ಆ ಪರಿಚಯ ಇರೋ ಒಬ್ಬಿಬ್ಬರು ಅಸಿಸ್ಟೆಂಟ್‌ಗಳನ್ನ ಇಟ್ಕೊಂಡ್ರೆ ಅರ್ಧ ದಾರಿ ಆಯ್ತು, ಎಲ್ಲ ಕೋಚ್‌ಗಳೂ ಅದನ್ನೇ ಮಾಡೋದು.

ಆಟಗಾರರನ್ನ ಒಪ್ಪಿಸಿ ಕರ್ಕೊಂಡು ಬರೋ ಛಲದ ವಿಷಯದಲ್ಲಿ ಮಾತ್ರ ಇವರಿಗೆ ಯಾರೂ ಪಾಠ ಹೇಳ್ಬೇಕಿಲ್ಲ. 1990ರ ಸೆಪ್ಟೆಂಬರ್‌ನಲ್ಲಿ ಸಮಿಟ್ ತುಂಬು ಗರ್ಭಿಣಿ, ಅಂಥ ಸ್ಥಿತೀಲಿ ವಿಮಾನ ಹತ್ತಿ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ಗೆ ಮಿಶೆಲ್ ಮಾರ್ಸಿನಿಯಾಕ್ ಅನ್ನೋ ಹುಡುಗಿಯ ಮನೆಗೆ ಹೋದ್ರು. ಅಲ್ಲೇ ಹೆರಿಗೆ ನೋವು ಶುರು ಆಯ್ತು. ಮಗು ಟೆನ್ನೆಸಿಯಲ್ಲೇ ಹುಟ್ಟಬೇಕು ಅಂತ ನೋವು ತಡ್ಕೊಂಡು ವಾಪಸ್ ಹಾರಿ ಬಂದು ಅಲ್ಲೇ ಮಗನನ್ನ ಹೆತ್ರು. ಆ ಹುಡುಗಿ ಮೊದಲು ನೋಟರ್ ಡೇಮ್‌ಗೆ ಹೋದ್ಲು, ಆಮೇಲೆ ಟೆನ್ನೆಸಿಗೇ ಬಂದು 1996ರ ಚಾಂಪಿಯನ್ ಟೀಮ್‌ನಲ್ಲಿ ಆಡಿದ್ಲು.

ಹಾಗಾದ್ರೆ ಅಡ್ಡ ಇರೋದೇನು? ಕೆಲಸ ಕೊಡೋ ಕುರ್ಚಿ. ಕಾಲೇಜಿನ ಸ್ಪೋರ್ಟ್ಸ್ ವಿಭಾಗ ನಡೆಸೋ ಅಥ್ಲೆಟಿಕ್ ಡೈರೆಕ್ಟರ್, ಯೂನಿವರ್ಸಿಟಿ ಪ್ರೆಸಿಡೆಂಟ್, ದೇಣಿಗೆ ಕೊಡೋ ದೊಡ್ಡವರು. ಡಿವಿಷನ್ ಒಂದರ ಮೆನ್ಸ್ ಮ್ಯಾಚ್‌ನಲ್ಲಿ ಹೆಂಗಸೊಬ್ಬರು ಹೆಡ್ ಕೋಚ್ ಆಗಿ ನಿಂತಿದ್ದು 2003ರ ಫೆಬ್ರವರಿ 13ರಂದು, ಟೆನ್ನೆಸಿ ಸ್ಟೇಟ್‌ನ ತೆರೇಸಾ ಫಿಲಿಪ್ಸ್, ಅವರು ಆ ಕಾಲೇಜಿನ ಅಥ್ಲೆಟಿಕ್ ಡೈರೆಕ್ಟರ್, ಮೊದಲು ವುಮೆನ್ಸ್ ಟೀಮ್ ಕೋಚ್ ಆಗಿದ್ದವರು. ಹಂಗಾಮಿ ಕೋಚ್ ಸಸ್ಪೆಂಡ್ ಆಗಿದ್ರು, ಇವರೇ ಬೆಂಚ್‌ಗೆ ಬಂದ್ರು, ಆಸ್ಟಿನ್ ಪೀ ವಿರುದ್ಧ 71–56ರಲ್ಲಿ ಸೋಲು, ಅಷ್ಟಕ್ಕೆ ಮುಗೀತು. ಅಂದ್ರೆ ಆ ಚಾನ್ಸ್ ಸಿಕ್ಕಿದ್ದು ಯಾರಿಗೆ ನೋಡಿ, ತಾನೇ ಕೆಲಸ ಕೊಡೋ ಜಾಗದಲ್ಲಿದ್ದವರಿಗೆ. ಅದಾದ ಮೇಲೆ 350 ಚಿಲ್ರೆ ಕಾಲೇಜುಗಳಲ್ಲಿ ಒಂದಾದ್ರೂ ಹೆಂಗಸನ್ನ ಮೆನ್ಸ್ ಟೀಮ್‌ನ ಖಾಯಂ ಹೆಡ್ ಕೋಚ್ ಮಾಡಿದ ಉದಾಹರಣೆ ಇಲ್ಲ.

ಇದೇ ರಸ್ತೆ ಆ ಕಡೆಯಿಂದ ಮಾತ್ರ ಯಾವಾಗ್ಲೂ ತೆರೆದಿದೆ. 1972ರಲ್ಲಿ ಸ್ಕೂಲು ಕಾಲೇಜುಗಳಲ್ಲಿ ಗಂಡು ಹೆಣ್ಣು ಭೇದ ಮಾಡಬಾರದು ಅನ್ನೋ ಟೈಟಲ್ ನೈನ್ ಕಾನೂನು ಬಂದಾಗ ಕಾಲೇಜ್ ವುಮೆನ್ಸ್ ಟೀಮ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕೋಚ್‌ಗಳು ಹೆಂಗಸರೇ ಇದ್ರು. ಕಾನೂನಿಂದ ದುಡ್ಡು ಬಂತು, ಸಂಬಳ ಏರ್ತು, ಗಂಡಸರು ಆ ಕೆಲಸಕ್ಕೆ ಬಂದ್ರು, ಈಗ ಎಲ್ಲಾ ಆಟಗಳನ್ನ ಸೇರಿಸಿ ಅರ್ಧಕ್ಕಿಂತ ಕಮ್ಮಿ ಹೆಂಗಸರಿದ್ದಾರೆ. ಆರಿಯೆಮ್ಮಾ 1985ರಿಂದ ಕನೆಕ್ಟಿಕಟ್‌ನಲ್ಲಿದ್ದಾರೆ, 2025ರದ್ದು ಸೇರಿ 12 ಚಾಂಪಿಯನ್‌ಶಿಪ್, ದೊಡ್ಡ ಕೋಚ್, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಗಂಡಸು ಹುಡುಗಿಯರಿಗೆ ಕಲಿಸಬಹುದಾ ಅಂತ ಅವರನ್ನ ಕೂರಿಸಿಕೊಂಡು ವಿಚಾರಣೆ ಮಾಡಿದವರಿಲ್ಲ. ನಮ್ಮ ಬೆಂಗಳೂರಿನ ಕಂಠೀರವ ಇಂಡೋರ್ ಸ್ಟೇಡಿಯಂನಲ್ಲೇ 2017ರಲ್ಲಿ ಇಂಡಿಯಾ ಹುಡುಗಿಯರು ಏಷ್ಯಾ ಕಪ್ ಡಿವಿಷನ್ ಬಿ ಗೆದ್ದಾಗ ಕೋಚ್ ಸರ್ಬಿಯಾದ ಜೋರನ್ ವಿಸಿಕ್, ನಾವ್ಯಾರೂ ಆ ಪ್ರಶ್ನೆ ಕೇಳಲಿಲ್ಲ, ಕೇಳೋ ಅಗತ್ಯಾನೂ ಇರಲಿಲ್ಲ.

ಪಾಲ್ ವೆಸ್ಟ್‌ಹೆಡ್ ವಿಷಯ ಇನ್ನೂ ಕುತೂಹಲದ್ದು. 1980ರಲ್ಲಿ ಲೇಕರ್ಸ್ ಜೊತೆ ಎನ್‌ಬಿಎ ಚಾಂಪಿಯನ್, 2007ರಲ್ಲಿ ಫೀನಿಕ್ಸ್ ಮರ್ಕ್ಯುರಿ ಜೊತೆ ಡಬ್ಲ್ಯುಎನ್‌ಬಿಎ ಚಾಂಪಿಯನ್, ಎರಡೂ ಗೆದ್ದಿರೋ ಕೋಚ್ ಅವರು. ಲೊಯೋಲಾ ಮೇರಿಮೌಂಟ್ ಕಾಲೇಜಲ್ಲಿ ಹುಡುಗರ ಕೈಲಿ ಆಡಿಸಿದ ಅದೇ ಓಟದ ಸಿಸ್ಟಮ್, ಬಾಲ್ ಸಿಕ್ಕ ಕೆಲವೇ ಸೆಕೆಂಡ್‌ನಲ್ಲಿ ಶಾಟ್ ಹೊಡೆಯೋದು, ಎದುರಾಳಿಗೆ ಉಸಿರಾಡೋಕೆ ಬಿಡದೇ ಇರೋದು, ಅದನ್ನೇ ಫೀನಿಕ್ಸ್ ಹುಡುಗಿಯರಿಗೂ ಕೊಟ್ರು, ಕೆಲಸ ಮಾಡ್ತು. ಆಟದ ಐಡಿಯಾ ಮೆನ್ಸ್ ಕಡೆಯಿಂದ ವುಮೆನ್ಸ್ ಕಡೆಗೆ ಹೀಗೆ ಹರಿಯುತ್ತೆ ಅಂದ್ರೆ ವಾಪಸ್ ಹರಿಯೋಕೆ ಏನು ಅಡ್ಡಿ?

ಸ್ಟೇಲಿ ನಿಕ್ಸ್ ಇಂಟರ್‌ವ್ಯೂ ಬಗ್ಗೆ ಆಮೇಲೆ ಒಂದು ಪಾಡ್‌ಕಾಸ್ಟ್‌ನಲ್ಲಿ ಬಿಚ್ಚಿ ಮಾತಾಡಿದ್ರು. ಕೆಲಸ ಕೊಟ್ಟಿದ್ರೆ ತಗೊಳ್ತಿದ್ದೆ ಅಂದ್ರು. ಆದ್ರೆ ಅವರೇ ಆ ಮ್ಯಾನೇಜ್‌ಮೆಂಟ್‌ಗೆ ಒಂದು ಪ್ರಶ್ನೆ ಹಾಕಿದ್ರಂತೆ: ಹೆಂಗಸನ್ನ ಕೋಚ್ ಮಾಡಿದ್ರೆ ನಿಮ್ಮ ದಿನನಿತ್ಯದ ಕೆಲಸದ ಮೇಲೆ ಏನು ಪರಿಣಾಮ ಆಗುತ್ತೆ ಅಂತ ಯೋಚಿಸಿದ್ದೀರಾ, ಸತತ ಐದು ಮ್ಯಾಚ್ ಸೋತ್ರೆ ಸುದ್ದಿ ಸೋಲಿನ ಬಗ್ಗೆ ಇರಲ್ಲ, ಹೆಂಗಸು ಕೋಚ್ ಅನ್ನೋದರ ಬಗ್ಗೆ ಇರುತ್ತೆ, ಅದಕ್ಕೆ ರೆಡಿ ಇದ್ದೀರಾ. ಆ ಪ್ರಶ್ನೆ ಕೇಳಿದ ಮೇಲೆ ಕೋಣೆಯ ವಾತಾವರಣವೇ ಬದಲಾಯ್ತು ಅನ್ನೋ ಅರ್ಥದ ಮಾತೂ ಹೇಳಿದ್ರು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಗಂಡಸು ಕೋಚ್ ಸೋತ್ರೆ ಅವನೊಬ್ಬ ಸೋಲ್ತಾನೆ, ಮೊದಲ ಹೆಂಗಸು ಕೋಚ್ ಸೋತ್ರೆ ಹೆಂಗಸರಿಗೆ ಆಗಲ್ಲ ಅಂತ ಷರಾ ಬರೀತಾರೆ, ಆ ಭಾರ ಹೊತ್ಕೊಂಡು ಯಾರೇ ಆದ್ರೂ ನಾಲ್ಕು ವರ್ಷ ತಾಳ್ಮೆಯಿಂದ ಟೀಮ್ ಕಟ್ಟೋದು ಹೇಗೆ.

ಈಗ ಸಮಿಟ್ ಯಾಕೆ ಬೇಡ ಅಂದ್ರು ಅನ್ನೋದಕ್ಕೆ ಬರ್ತೀನಿ. ಅವರಿಗೆ ಆಗಲ್ಲ ಅನ್ನೋ ಭಯ ಇರಲಿಲ್ಲ. ಮೆನ್ಸ್ ಟೀಮ್‌ಗೆ ಹೋಗೋದನ್ನ ಬಡ್ತಿ ಅಂತ ಯಾಕೆ ಅಂದ್ಕೊಳ್ತೀರಿ ಅನ್ನೋದು ಅವರ ಪ್ರಶ್ನೆ ಆಗಿತ್ತು. 1974ರಲ್ಲಿ 22ನೇ ವಯಸ್ಸಿಗೆ ತಿಂಗಳಿಗೆ 250 ಡಾಲರ್ ಸಂಬಳಕ್ಕೆ ಶುರು ಮಾಡಿದ್ರು, ಟೀಮ್‌ನ ವ್ಯಾನ್ ತಾವೇ ಓಡಿಸ್ತಿದ್ರು, ಜರ್ಸಿ ತಾವೇ ಒಗೀತಿದ್ರು. ಅಲ್ಲಿಂದ 38 ಸೀಸನ್, 1,098 ಗೆಲುವು, ಎಂಟು ಚಾಂಪಿಯನ್‌ಶಿಪ್. 2005ರಲ್ಲಿ ನಾರ್ತ್ ಕ್ಯಾರೊಲಿನಾದ ಮೆನ್ಸ್ ಕೋಚ್ ಡೀನ್ ಸ್ಮಿತ್ ಅವರ 879 ಗೆಲುವಿನ ದಾಖಲೆ ದಾಟಿದ್ರು, ಗಂಡಸರು ಹೆಂಗಸರು ಅಂತ ಬೇರೆ ಮಾಡದೇ ಆಗ ಡಿವಿಷನ್ ಒಂದರಲ್ಲೇ ಎಲ್ಲರಿಗಿಂತ ಜಾಸ್ತಿ. ಅದೇ ವರ್ಷ ಟೆನ್ನೆಸಿಯವರು ಆ ಅರೀನಾದ ಕೋರ್ಟ್‌ಗೆ ದಿ ಸಮಿಟ್ ಅಂತ ಹೆಸರಿಟ್ರು, ಇವತ್ತಿಗೂ ಟೆನ್ನೆಸಿಯ ಹುಡುಗರ ಟೀಮ್ ಆಡೋದು ಅವರ ಹೆಸರಿನ ನೆಲದ ಮೇಲೇ. ತಾವು ಕೈಯಾರೆ ಕಟ್ಟಿದ್ದನ್ನ ಬಿಟ್ಟು, ಕೋಚ್‌ಗಳು ಒಬ್ಬರಾದ ಮೇಲೊಬ್ಬರು ಬದಲಾಗ್ತಿದ್ದ ಪಕ್ಕದ ಟೀಮ್‌ಗೆ ಹೋಗೋದು ಯಾವ ಲೆಕ್ಕದಲ್ಲಿ ಮೇಲಕ್ಕೆ ಹೋದಂಗೆ? 2011ರಲ್ಲಿ ಅಲ್ಜೈಮರ್ಸ್ ಅಂತ ಗೊತ್ತಾಯ್ತು, ಒಂದು ಸೀಸನ್ ಅದರ ಜೊತೆಗೇ ನಡೆಸಿ 2012ರಲ್ಲಿ ಬಿಟ್ರು, 2016ರಲ್ಲಿ ತೀರಿಕೊಂಡ್ರು, ವಯಸ್ಸು 64.

ಈಗಂತೂ ಆ ಪ್ರಶ್ನೆಗೆ ಇನ್ನೂ ತೂಕ ಬಂದಿದೆ. 2024ರ ವುಮೆನ್ಸ್ ಫೈನಲ್ ಅನ್ನ ಅಮೆರಿಕದಲ್ಲಿ ಒಂದೂಮುಕ್ಕಾಲು ಕೋಟಿಗಿಂತ ಜಾಸ್ತಿ ಜನ ನೋಡಿದ್ರು, ಮೆನ್ಸ್ ಫೈನಲ್ ಒಂದೂವರೆ ಕೋಟಿ ಮುಟ್ಟಲಿಲ್ಲ. ವರ್ಷಕ್ಕೆ 40 ಲಕ್ಷ ಡಾಲರ್, ತುಂಬಿದ ಸ್ಟೇಡಿಯಂ, ನಾಲ್ಕು ವರ್ಷ ಜೊತೆಗಿರೋ ಆಟಗಾರ್ತಿಯರು, ಇದನ್ನೆಲ್ಲ ಬಿಟ್ಟು ಸಾಧಾರಣ ಕಾಲೇಜೊಂದರ ಮೆನ್ಸ್ ಟೀಮ್‌ಗೆ ಸ್ಟೇಲಿ ಅಂಥವರು ಬರ್ಬೇಕು ಅಂದ್ರೆ ಬರೋಕೆ ಕಾರಣ ಬೇಕಲ್ಲ. ಅವರನ್ನ ಸೆಳೆಯೋ ಶಕ್ತಿ ಇರೋದು ಎನ್‌ಬಿಎಗೆ ಅಥವಾ ಹತ್ತು ಹದಿನೈದು ದೊಡ್ಡ ಕಾಲೇಜುಗಳಿಗೆ ಮಾತ್ರ, ಅವರೇ ಎಲ್ಲರಿಗಿಂತ ಜಾಸ್ತಿ ಹೆದರೋರು.

ಹಾಗಾಗಿ ನನಗೆ ಕಾಣೋ ದಾರಿ ದೊಡ್ಡ ಹೆಸರಿನ ಜಿಗಿತ ಅಲ್ಲ. ಮೆನ್ಸ್ ಟೀಮ್‌ಗಳ ಬೆಂಚ್‌ನಲ್ಲಿ ಅಸಿಸ್ಟೆಂಟ್ ಆಗಿ ಮೂವತ್ತರ ಆಸುಪಾಸಿನ ಹೆಂಗಸರು ಸೇರ್ಕೊಂಡು, ರಿಕ್ರೂಟಿಂಗ್ ಪರಿಚಯಗಳನ್ನ ಅಲ್ಲೇ ಬೆಳೆಸಿ, ಡಿವಿಷನ್ ಒಂದರ ಸಣ್ಣ ಕಾಲೇಜಿನಲ್ಲಿ ಹೆಡ್ ಕೋಚ್ ಆಗೋದು. ಹಾರ್ಡಿಂಗ್ ಥರದವರು ಎನ್‌ಬಿಎ ಕಡೆಯಿಂದ ಅದೇ ಮೆಟ್ಟಿಲು ಹತ್ತುತ್ತಿದ್ದಾರೆ, 2024ರಲ್ಲಿ ಅವ್ರು ಲೇಕರ್ಸ್‌ಗೆ ಅಸಿಸ್ಟೆಂಟ್ ಆಗಿ ಹೋದ್ರು. ಯಾವುದಾದ್ರೂ ಕಾಲೇಜ್ ನಿಜವಾಗ್ಲೂ ಈ ಹೆಜ್ಜೆ ಇಡ್ಬೇಕು ಅಂತಿದ್ರೆ ಕಾಂಟ್ರಾಕ್ಟ್ ಐದು ವರ್ಷದ್ದು ಕೊಡ್ಲಿ, ಆಟಗಾರರಿಗೆ ಹಂಚೋ ದುಡ್ಡು ಹಿಂದಿನ ಕೋಚ್‌ಗೆ ಕೊಟ್ಟಷ್ಟೇ ಇರ್ಲಿ, ಏಜೆಂಟ್‌ಗಳನ್ನ ಬಲ್ಲ ಅಸಿಸ್ಟೆಂಟ್‌ಗಳನ್ನ ಆರಿಸೋ ಅಧಿಕಾರ ಅವರ ಕೈಲೇ ಇರ್ಲಿ. ಮತ್ತೆ ಮೊದಲ ವರ್ಷ ಸೋತ್ರೆ ಪತ್ರಕರ್ತರ ಮುಂದೆ ಬಂದು ಕೂತು ಉತ್ತರ ಹೇಳೋದು ಕೋಚ್ ಒಬ್ಬರೇ ಅಲ್ಲ, ಅಥ್ಲೆಟಿಕ್ ಡೈರೆಕ್ಟರ್ ಕೂಡ ಪಕ್ಕದ ಕುರ್ಚಿಯಲ್ಲಿ ಕೂರ್ತಾರೆ ಅಂತ ಮೊದಲೇ ಮಾತಾಗಿರ್ಲಿ.